ಗಯಾನಾದ ಕಡಲ ತೈಲೋದ್ಯಮ

ದಕ್ಷಿಣ ಅಮೆರಿಕದ ಈಶಾನ್ಯ ಕರಾವಳಿಯ ಪುಟ್ಟ ಗಣರಾಜ್ಯವಾದ ಗಯಾನಾದ ಸಾಗರವಲಯದಲ್ಲಿ 2015ರಲ್ಲಿ ತೈಲ ಪತ್ತೆಯಾಯಿತು. 2019ರ ಡಿಸೆಂಬರಿನಲ್ಲಿ ಉತ್ಪಾದನೆ ಆರಂಭವಾಯಿತು. ಐದು ವರ್ಷಗಳೊಳಗೆ ಅದು ದಿನಕ್ಕೆ 6 ಲಕ್ಷ ಬ್ಯಾರೆಲ್ ದಾಟಿತು. ತಲಾವಾರು ಲೆಕ್ಕದಲ್ಲಿ ಗಯಾನಾ ಇಂದು ಜಗತ್ತಿನ ಅತಿ ದೊಡ್ಡ ತೈಲೋತ್ಪಾದಕ ದೇಶಗಳಲ್ಲಿ ಒಂದು.

ದೇಶ, ಜನ: ವಿಸ್ತೀರ್ಣ 2,14,969 ಚ.ಕಿ.ಮೀ. ಕರ್ನಾಟಕಕ್ಕಿಂತ ತುಸು ದೊಡ್ಡದಾದ ಈ ದೇಶದ ಜನಸಂಖ್ಯೆ ಸುಮಾರು 8 ಲಕ್ಷ ಮಾತ್ರ. ಹೆಚ್ಚಿನ ಭಾಗ ಮಳೆಕಾಡು. ಬಹುಪಾಲು ಜನ ವಾಸಿಸುವ ಕರಾವಳಿಯ ಕಿರಿದಾದ ಪಟ್ಟಿ ಉಬ್ಬರದ ವೇಳೆ ಸಮುದ್ರಮಟ್ಟಕ್ಕಿಂತ ಕೆಳಗಿರುತ್ತದೆ. ಡಚ್ಚರ ಕಾಲದಿಂದ ಬಂದ ಕಾಲುವೆ, ತೂಬು, ಕಡಲ ತಡೆಗೋಡೆಗಳೇ ಅದನ್ನು ಕಾಯುತ್ತಿವೆ. ಬ್ರಿಟಿಷರ ಕಬ್ಬಿನ ತೋಟಗಳಿಗೆ 1838ರಿಂದ 1917ರವರೆಗೆ ಭಾರತದಿಂದ ಸುಮಾರು 2.39 ಲಕ್ಷ ಕರಾರು ಕೂಲಿಗಳು ಬಂದರು. ಹೆಚ್ಚಿನವರು ಭೋಜಪುರಿ ಸೀಮೆಯವರು. ಮದರಾಸು ಬಂದರಿನಿಂದ ಹಡಗು ಹತ್ತಿದವರೂ ಇದ್ದರು. ಅವರ ವಂಶಜರೇ ಇಂದು ದೇಶದ ಅತಿ ದೊಡ್ಡ ಜನವರ್ಗ. 1966ರಲ್ಲಿ ಸ್ವತಂತ್ರವಾದ ಗಯಾನಾ ಸಕ್ಕರೆ, ಭತ್ತ, ಬಾಕ್ಸೈಟ್, ಚಿನ್ನಗಳನ್ನೇ ನೆಚ್ಚಿಕೊಂಡು ದೀರ್ಘಕಾಲ ಸಾಲದಲ್ಲಿ ಮುಳುಗಿತ್ತು.

ಆರಂಭದ ಶೋಧಗಳು: ಒಳನಾಡಿನ ಟಕುಟು ಪ್ರದೇಶದಲ್ಲಿ 1980ರ ದಶಕದ ಆರಂಭದಲ್ಲಿ ಸ್ವಲ್ಪ ತೈಲ ಕಂಡಿತಾದರೂ ಅದು ಲಾಭಕ್ಕೆ ಸಾಲುವಷ್ಟಿರಲಿಲ್ಲ. 1986ರಲ್ಲಿ ಪೆಟ್ರೋಲಿಯಂ ಶೋಧ ಮತ್ತು ಉತ್ಪಾದನೆಯ ಕಾಯಿದೆ ಬಂತು. 1999ರಲ್ಲಿ ಅಧ್ಯಕ್ಷೆ ಜಾನೆಟ್ ಜಗನ್ ಸರ್ಕಾರ ಸುಮಾರು 26,800 ಚ.ಕಿ.ಮೀ. ವಿಸ್ತಾರದ ಸ್ಟಾಬ್ರೂಕ್ ಬ್ಲಾಕನ್ನು ಎಕ್ಸಾನ್‌ನ ಅಂಗಸಂಸ್ಥೆ ಎಸ್ಸೊಗೆ ಶೋಧಕ್ಕಾಗಿ ಕೊಟ್ಟಿತು.

ಮರುವರ್ಷವೇ ಗಡಿ ತಕರಾರು ಎದುರಾಯಿತು. 2000ದ ಜೂನ್‌ನಲ್ಲಿ ನೆರೆಯ ಸುರಿನಾಮ್‌ನ ಗಸ್ತು ದೋಣಿಗಳು ಕೆನಡಾದ ಸಿಜಿಎಕ್ಸ್ ಕಂಪನಿಯ ಕೊರೆತ ವೇದಿಕೆಯನ್ನು ವಿವಾದಿತ ನೀರಿನಿಂದ ಓಡಿಸಿದವು. ಇದೇ ಕಾರಣಕ್ಕೆ ಎಸ್ಸೊ ಕೂಡ ಕೆಲಸ ನಿಲ್ಲಿಸಿತು. ವಿಶ್ವಸಂಸ್ಥೆಯ ಸಮುದ್ರ ಕಾನೂನಿನಡಿ ನೇಮಕವಾದ ಮಧ್ಯಸ್ಥಿಕೆ ಮಂಡಳಿ 2007ರ ಸೆಪ್ಟೆಂಬರ್‌ನಲ್ಲಿ ಗಡಿರೇಖೆ ಎಳೆದು, ವಿವಾದಿತ ಪ್ರದೇಶದ ಹೆಚ್ಚಿನ ಪಾಲನ್ನು ಗಯಾನಾಕ್ಕೆ ಕೊಟ್ಟಿತು. ಶೋಧ ಮತ್ತೆ ಚುರುಕಾಯಿತು. ಆದರೆ 2012ರಲ್ಲಿ ಈಗಲ್-1 ಬಾವಿ ಬರಿದೆಂದು ತಿಳಿಯಿತು. ವಿಪರೀತ ಒತ್ತಡದಿಂದಾಗಿ ಜಾಗ್ವಾರ್-1 ಬಾವಿಯನ್ನು ಅರ್ಧಕ್ಕೇ ಬಿಡಬೇಕಾಯಿತು. ಸ್ಟಾಬ್ರೂಕ್‌ನಲ್ಲಿ ಅರ್ಧ ಪಾಲು ಪಡೆದಿದ್ದ ಶೆಲ್ 2014ರಲ್ಲಿ ಕೈಬಿಟ್ಟು ಹೊರನಡೆಯಿತು. ಆ ಜಾಗಕ್ಕೆ ಅಮೆರಿಕದ ಹೆಸ್ ಮತ್ತು ಚೀನಾದ ಸಿನೂಕ್ ಒಡೆತನದ ನೆಕ್ಸೆನ್ ಬಂದವು. ಪಾಲು ಹೀಗಾಯಿತು: ಎಕ್ಸಾನ್ 45, ಹೆಸ್ 30, ನೆಕ್ಸೆನ್ 25 ಪ್ರತಿಶತ.

ಲೀಸಾ-1: 2015ರ ಮೇ 20ರಂದು ಎಕ್ಸಾನ್‌ಮೊಬಿಲ್ ಸ್ಟಾಬ್ರೂಕ್‌ನ ಈ ಬಾವಿಯಲ್ಲಿ ತೈಲ ಸಿಕ್ಕಿರುವುದನ್ನು ಪ್ರಕಟಿಸಿತು. ಸ್ಥಳ ತೀರದಿಂದ ಸುಮಾರು 190 ಕಿ.ಮೀ. ದೂರ. ಅಲ್ಲಿ ನೀರಿನ ಆಳವೇ 1,743 ಮೀಟರ್. ಕೊರೆದ ಒಟ್ಟು ಆಳ 5,433 ಮೀಟರ್. ತೈಲ ಹೀರಿಕೊಂಡಿದ್ದ ಮರಳುಗಲ್ಲಿನ ಪದರಗಳ ದಪ್ಪ 90 ಮೀಟರ್ ಮೀರಿತ್ತು. ಮುಂದಿನ ವರ್ಷಗಳಲ್ಲಿ ಇದೇ ಬ್ಲಾಕ್‌ನಲ್ಲಿ ಮೂವತ್ತಕ್ಕೂ ಹೆಚ್ಚು ನಿಕ್ಷೇಪಗಳು ಪತ್ತೆಯಾದವು. ಹೊರತೆಗೆಯಬಹುದಾದ ತೈಲ ಮತ್ತು ಅನಿಲದ ಒಟ್ಟು ಪ್ರಮಾಣ 1,100 ಕೋಟಿ ಬ್ಯಾರೆಲ್‌ಗೂ ಮಿಗಿಲು ಎಂಬುದು ಕಂಪನಿಯ ಅಂದಾಜು.

ಉತ್ಪಾದನೆಯ ಬಗೆ: ಇಷ್ಟು ಆಳದಲ್ಲಿ ಸಮುದ್ರತಳಕ್ಕೆ ಕಾಲೂರುವ ವೇದಿಕೆ ಕಟ್ಟಲಾಗದು. ಬಾವಿಗಳ ಬಾಯಿ ಕಡಲತಳದಲ್ಲೇ ಇರುತ್ತದೆ. ಅಲ್ಲಿಂದ ಕೊಳವೆಗಳ ಮೂಲಕ ಮೇಲೇರುವ ತೈಲ, ಲಂಗರು ಹಾಕಿ ನಿಲ್ಲಿಸಿದ ಬೃಹತ್ ಹಡಗನ್ನು ಸೇರುತ್ತದೆ. ಅನಿಲ ಮತ್ತು ನೀರನ್ನು ಬೇರ್ಪಡಿಸಿ ತೈಲವನ್ನು ಹಡಗಿನೊಡಲಲ್ಲೇ ಶೇಖರಿಸಿ, ಬರುವ ಟ್ಯಾಂಕರ್‌ಗಳಿಗೆ ತುಂಬುತ್ತಾರೆ. ದೇಶದಲ್ಲಿ ಸಂಸ್ಕರಣಾಗಾರವಿಲ್ಲದ ಕಾರಣ ಈ ಕಚ್ಚಾತೈಲ ಗಯಾನಾದ ನೆಲ ಮುಟ್ಟದೆಯೇ ಪರದೇಶ ಸೇರುತ್ತದೆ. 2019ರ ಡಿಸೆಂಬರ್ 20ರಂದು ಮೊದಲ ತೈಲ ಎತ್ತಿದ ಲೀಸಾ ಡೆಸ್ಟಿನಿ ಹಡಗಿನ ಮೂಲ ಸಾಮರ್ಥ್ಯ ದಿನಕ್ಕೆ 1.2 ಲಕ್ಷ ಬ್ಯಾರೆಲ್. ಅದರ ಅನಿಲ ಸಂಪೀಡಕ ಮತ್ತೆ ಮತ್ತೆ ಕೆಟ್ಟಿದ್ದರಿಂದ ಅನಿಲವನ್ನು ಸುಡಬೇಕಾಗಿ ಬಂದು, ಪರಿಸರ ಸಂಸ್ಥೆ ಸುಟ್ಟ ಅನಿಲಕ್ಕೆ ಶುಲ್ಕ ವಿಧಿಸಿತು. ನಂತರ ಲೀಸಾ ಯೂನಿಟಿ (2022), ಪ್ರಾಸ್ಪೆರಿಟಿ (2023), ಒನ್ ಗಯಾನಾ (2025) ಹಡಗುಗಳು ಬಂದವು.

ಒಪ್ಪಂದ ಮತ್ತು ಟೀಕೆ: 2015ರಲ್ಲಿ ಅಧಿಕಾರಕ್ಕೆ ಬಂದ ಡೇವಿಡ್ ಗ್ರೇಂಜರ್ ಸರ್ಕಾರ 2016ರಲ್ಲಿ ಸ್ಟಾಬ್ರೂಕ್ ಕಂಪನಿಗಳೊಂದಿಗೆ ಹೊಸ ಒಪ್ಪಂದಕ್ಕೆ ಸಹಿ ಹಾಕಿತು. ರಾಯಧನ ಶೇ. 2. ತಿಂಗಳ ಉತ್ಪಾದನೆಯಲ್ಲಿ ಶೇ. 75ರವರೆಗೆ ಕಂಪನಿಗಳು ಖರ್ಚಿಗೆಂದು ಮುರಿದುಕೊಳ್ಳಬಹುದು, ಉಳಿದದ್ದು ಸಮಪಾಲು. ಅಂದರೆ ಖರ್ಚಿನ ಮಿತಿ ಪೂರ್ತಿ ಬಳಕೆಯಾದಾಗ ನೂರು ಬ್ಯಾರೆಲ್‌ಗಳಲ್ಲಿ ಸರ್ಕಾರಕ್ಕೆ ಲಾಭಾಂಶವಾಗಿ 12.5, ರಾಯಧನವಾಗಿ 2, ಒಟ್ಟು 14.5 ಬ್ಯಾರೆಲ್ ಮೌಲ್ಯ ದಕ್ಕುತ್ತದೆ. ಕಂಪನಿಗಳ ಆದಾಯ ತೆರಿಗೆಯೂ ಸರ್ಕಾರದ ಪಾಲಿನಿಂದಲೇ ಸಂದಾಯವಾದಂತೆ ಲೆಕ್ಕ. ಒಂದು ನಿಕ್ಷೇಪದ ಖರ್ಚನ್ನು ಇನ್ನೊಂದರ ಆದಾಯದಿಂದ ವಸೂಲು ಮಾಡದಂತೆ ತಡೆಯುವ ಕಲಮು ಅದರಲ್ಲಿಲ್ಲ. ಸಹಿಯ ವೇಳೆ ಸಂದ 1.8 ಕೋಟಿ ಡಾಲರ್ ಮೊತ್ತ 2017ರ ಕೊನೆಯವರೆಗೂ ಗುಟ್ಟಾಗಿತ್ತು. ಅದು ಬಯಲಾಗಿ ಗದ್ದಲವೆದ್ದ ಮೇಲೆ ಒಪ್ಪಂದವನ್ನು ಪ್ರಕಟಿಸಲಾಯಿತು. ತೈಲ ಸೋರಿದರೆ ಪರಿಹಾರಕ್ಕೆ ಮಾತೃಸಂಸ್ಥೆಯೇ ಮಿತಿಯಿಲ್ಲದ ಖಾತರಿ ಕೊಡಬೇಕೆಂದು 2023ರ ಮೇನಲ್ಲಿ ಹೈಕೋರ್ಟ್ ಆದೇಶಿಸಿತು. ಮೇಲ್ಮನವಿಯಲ್ಲಿ 200 ಕೋಟಿ ಡಾಲರ್ ಖಾತರಿಯ ಷರತ್ತಿನ ಮೇಲೆ ಅದಕ್ಕೆ ತಡೆ ಸಿಕ್ಕಿತು.

ರಾಜಕೀಯ, ಆರ್ಥಿಕತೆ: 2020ರ ಮಾರ್ಚ್ ಚುನಾವಣೆಯ ಎಣಿಕೆ ವಿವಾದ ಐದು ತಿಂಗಳು ಎಳೆದು, ಆಗಸ್ಟ್‌ನಲ್ಲಿ ಇರ್ಫಾನ್ ಅಲಿ ಅಧ್ಯಕ್ಷರಾದರು, 2025ರಲ್ಲಿ ಮರು ಆಯ್ಕೆಯಾದರು. ಜಗತ್ತೇ ಸಾಂಕ್ರಾಮಿಕಕ್ಕೆ ಕುಸಿದಿದ್ದ 2020ರಲ್ಲಿ ಗಯಾನಾದ ಆರ್ಥಿಕತೆ ಶೇ. 40ಕ್ಕೂ ಹೆಚ್ಚು, 2022ರಲ್ಲಿ ಶೇ. 60ಕ್ಕೂ ಹೆಚ್ಚು ಬೆಳೆಯಿತು. ತೈಲದ ಹಣ ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿರುವ ನೈಸರ್ಗಿಕ ಸಂಪನ್ಮೂಲ ನಿಧಿಗೆ ಸೇರುತ್ತದೆ. ಅದರಿಂದ ಬಜೆಟ್‌ಗೆ ಎಷ್ಟು ಪಡೆಯಬಹುದೆಂಬುದನ್ನು ಕಾಯಿದೆ ಗೊತ್ತುಪಡಿಸಿದೆ. 2021ರ ಸ್ಥಳೀಯ ಪಾಲಿನ ಕಾಯಿದೆ ಊಟೋಪಚಾರ, ಸಾಗಾಟದಂಥ ಕೆಲಸಗಳಲ್ಲಿ ಗಯಾನಾದವರಿಗೆ ಪಾಲು ಮೀಸಲಿಟ್ಟಿತು. ಅದಕ್ಕೂ ಮೊದಲೇ ಹಳೆಯ ಕಸುಬು ಸೊರಗಿತ್ತು: 2016–17ರಲ್ಲಿ ಸಕ್ಕರೆ ನಿಗಮದ ಹಲವು ಎಸ್ಟೇಟ್‌ಗಳು ಮುಚ್ಚಿ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಹಾಗೆ ಮುಚ್ಚಿದ ವೇಲ್ಸ್ ಎಸ್ಟೇಟ್‌ನ ನೆಲವನ್ನೇ ಲೀಸಾ ಅನಿಲದಿಂದ ನಡೆಯುವ 300 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೆ ಆರಿಸಲಾಯಿತು. ತನ್ನ ಕಾಡು ಹೀರುವ ಇಂಗಾಲಕ್ಕೆ ಬೆಲೆಯಿಟ್ಟು, 2022ರಲ್ಲಿ ಹೆಸ್ ಕಂಪನಿಗೇ ಕನಿಷ್ಠ 75 ಕೋಟಿ ಡಾಲರ್‌ನ ಕಾರ್ಬನ್ ಕ್ರೆಡಿಟ್ ಮಾರಲು ಗಯಾನಾ ಒಪ್ಪಂದ ಮಾಡಿಕೊಂಡಿತು.

ವೆನೆಜುವೆಲಾ ವಿವಾದ: ದೇಶದ ಮೂರನೇ ಎರಡು ಭಾಗವಾದ ಎಸೆಕ್ವಿಬೊ ಪ್ರದೇಶ ಬ್ರಿಟಿಷ್ ಗಯಾನಾಕ್ಕೆ ಸೇರಿದ್ದೆಂಬ 1899ರ ಪ್ಯಾರಿಸ್ ತೀರ್ಪನ್ನು ವೆನೆಜುವೆಲಾ 1962ರಿಂದ ಪ್ರಶ್ನಿಸುತ್ತ ಬಂದಿದೆ. ತೈಲ ಸಿಕ್ಕ ಬೆನ್ನಿಗೇ ಅದು ಸಾಗರವಲಯದ ಮೇಲೂ ಹಕ್ಕು ಸಾಧಿಸಿತು. 2018ರಲ್ಲಿ ಗಯಾನಾ ಅಂತರರಾಷ್ಟ್ರೀಯ ನ್ಯಾಯಾಲಯದ ಮೊರೆಹೋಯಿತು; ಅದೇ ಡಿಸೆಂಬರ್‌ನಲ್ಲಿ ವೆನೆಜುವೆಲಾದ ನೌಕಾಪಡೆ ಎಕ್ಸಾನ್‌ಗಾಗಿ ಸಮೀಕ್ಷೆ ನಡೆಸುತ್ತಿದ್ದ ಹಡಗನ್ನು ಅಡ್ಡಗಟ್ಟಿತು. 2023ರ ಡಿಸೆಂಬರ್ 3ರಂದು ವೆನೆಜುವೆಲಾ ಈ ಕುರಿತು ಜನಮತಗಣನೆ ನಡೆಸಿತು. ಹನ್ನೊಂದು ದಿನಗಳ ನಂತರ ಉಭಯ ಅಧ್ಯಕ್ಷರು ಸೇಂಟ್ ವಿನ್ಸೆಂಟ್‌ನಲ್ಲಿ ಭೇಟಿಯಾಗಿ ಬಲಪ್ರಯೋಗ ಮಾಡುವುದಿಲ್ಲವೆಂದು ಘೋಷಿಸಿದರು.

ಭಾರತದೊಂದಿಗೆ: 2021ರಲ್ಲಿ ಗಯಾನಾದ ಕಚ್ಚಾತೈಲ ಭಾರತಕ್ಕೂ ಬಂತು. 2024ರ ನವೆಂಬರ್‌ನಲ್ಲಿ ನರೇಂದ್ರ ಮೋದಿ ರಾಜಧಾನಿ ಜಾರ್ಜ್‌ಟೌನ್‌ಗೆ ಹೋದರು. 1968ರಲ್ಲಿ ಇಂದಿರಾ ಗಾಂಧಿ ಭೇಟಿ ನೀಡಿದ ಬಳಿಕ ಅಲ್ಲಿಗೆ ಹೋದ ಮೊದಲ ಭಾರತೀಯ ಪ್ರಧಾನಿ ಅವರು. ಆಗ ಹೈಡ್ರೋಕಾರ್ಬನ್ ಕ್ಷೇತ್ರದ ಸಹಕಾರಕ್ಕೂ ಒಡಂಬಡಿಕೆಯಾಯಿತು.

ಮುಂದಿನ ನಿಯಮ: ಇತರ ಬ್ಲಾಕ್‌ಗಳಿಗಾಗಿ ಸರ್ಕಾರ 2023ರಲ್ಲಿ ಸಿದ್ಧಪಡಿಸಿದ ಮಾದರಿ ಒಪ್ಪಂದದಲ್ಲಿ ರಾಯಧನ ಶೇ. 10ಕ್ಕೇರಿದೆ, ಖರ್ಚು ವಸೂಲಿಯ ಮಿತಿ ಶೇ. 65ಕ್ಕಿಳಿದಿದೆ, ಶೇ. 10ರ ಕಂಪನಿ ತೆರಿಗೆಯೂ ಸೇರಿದೆ. ಆದರೆ ಈವರೆಗಿನ ಉತ್ಪಾದನೆಯೆಲ್ಲ ಬರುತ್ತಿರುವ ಸ್ಟಾಬ್ರೂಕ್‌ಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ 2016ರ ಷರತ್ತುಗಳೇ ಜಾರಿಯಲ್ಲಿವೆ.