ಕತ್ತಿ ಮಸೆಯುವ ಕೆಲಸ

ಕಾಲೇಜಿನಲ್ಲಿ ಸಿ ಕಲಿತವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದಿರುತ್ತೆ. ನಾನು ಬರೆದ ಪ್ರೋಗ್ರಾಮನ್ನು ಕಂಪೈಲರ್ ಯಂತ್ರಭಾಷೆಗೆ ಇಳಿಸುತ್ತೆ, ಸರಿ. ಆ ಕಂಪೈಲರೂ ಒಂದು ಪ್ರೋಗ್ರಾಮೇ ತಾನೆ? ಅದನ್ನು ಕಂಪೈಲ್ ಮಾಡಿದ್ದು ಯಾರು? ಅದಕ್ಕೂ ಹಿಂದಿನ ಕಂಪೈಲರ್. ಅದನ್ನು? ಅಷ್ಟು ಹೊತ್ತಿಗೆ ಇಂಟರ್ನಲ್ಸ್ ಹತ್ತಿರ ಬಂದಿರುತ್ತೆ, ಪ್ರಶ್ನೆಯನ್ನು ಅಲ್ಲೇ ಬಿಟ್ಟು ಮುಂದಿನ ಯೂನಿಟ್ಟಿಗೆ ಹೋಗಿರ್ತೀವಿ.

ನನ್ನ ಹೊಟ್ಟೆಪಾಡು ಈ ಪ್ರಶ್ನೆಯ ಮೇಲೇ ನಡೀತಿದೆ. ನಾನು ಬಿಲ್ಡ್ ಟೀಮಿನವನು. ಬೇರೆಯವರು ಬರೆದ ಕೋಡು ರಾತ್ರಿ ಸರಿಯಾಗಿ ಬಿಲ್ಡ್ ಆಗಿ, ಬೆಳಿಗ್ಗೆ ಟೆಸ್ಟಿಂಗಿನವರ ಕೈಗೆ ಸಿಗುವ ಹಾಗೆ ನೋಡಿಕೊಳ್ಳೋದು ನಮ್ಮ ಕೆಲಸ. ಫೀಚರ್ ಬರೆದವರಿಗೆ ಡೆಮೋ ದಿನ ಚಪ್ಪಾಳೆ ಬೀಳುತ್ತೆ. ನಮ್ಮ ನೆನಪಾಗೋದು ಬಿಲ್ಡ್ ಮುರಿದಾಗ. ಈ ಕೆಲಸದ ಜಾತಕವೇ ಹಾಗೆ, ಇರ್ಲಿ. ಆದರೆ ಇದಕ್ಕೂ ಒಂದು ಚರಿತ್ರೆ ಇದೆ, ಆ ಚರಿತ್ರೆಯಲ್ಲಿ ಬೆಂಗಳೂರಿನದೊಂದು ಪಾಲೂ ಇದೆ. ಅದು ನಮ್ಮವರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ.

ಈ ಕತೆ ಹೇಳಲು ನಾನು ಆರಿಸಿಕೊಂಡಿರೋದು ಫ್ರೀಬಿಎಸ್‌ಡಿ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ. ಲಿನಕ್ಸಿನಷ್ಟು ಇದರ ಹೆಸರು ಕೇಳಿರಲಿಕ್ಕಿಲ್ಲ, ಆದರೆ ಬಳಸಿರ್ತೀರಿ. ನೆಟ್‌ಫ್ಲಿಕ್ಸ್‌ನಲ್ಲಿ ನೀವು ನೋಡುವ ಸಿನಿಮಾ ಹೊರಡೋದು ಇದು ಓಡುವ ಸರ್ವರುಗಳಿಂದ. ಪ್ಲೇಸ್ಟೇಷನ್ 4ರ ಸಿಸ್ಟಂ ಇದನ್ನು ಆಧರಿಸಿ ಮಾಡಿದ್ದು. ಜುನಿಪರ್ ರೌಟರುಗಳ ಜೂನೋಸ್ ಬೆಳೆದದ್ದೂ ಇದರ ಮೇಲೆಯೇ, ಮತ್ತು ಜುನಿಪರಿನ ದೊಡ್ಡ ಆಫೀಸೊಂದು ಬೆಂಗಳೂರಿನಲ್ಲೇ ಇದೆ. 1993ರಲ್ಲಿ ಶುರುವಾದ ಫ್ರೀಬಿಎಸ್‌ಡಿಯ ಬೇರು ಇರೋದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸಿನಲ್ಲಿ. ಲಿನಕ್ಸ್ ಅಂದರೆ ನಿಜಕ್ಕೂ ಕರ್ನೆಲ್ ಮಾತ್ರ, ಉಳಿದದ್ದನ್ನು ಹತ್ತು ಕಡೆಯಿಂದ ತಂದು ಜೋಡಿಸುತ್ತಾರೆ. ಫ್ರೀಬಿಎಸ್‌ಡಿಯಲ್ಲಿ ಕರ್ನೆಲ್, ಲೈಬ್ರರಿ, ಕಮಾಂಡುಗಳು, ಕಂಪೈಲರ್ ಎಲ್ಲವೂ ಒಂದೇ ಸೋರ್ಸ್ ಮರದಲ್ಲಿ ಇರುತ್ತವೆ. ‘ಮೇಕ್ ಬಿಲ್ಡ್‌ವರ್ಲ್ಡ್’ ಅಂತ ಟೈಪ್ ಮಾಡಿದರೆ ಕರ್ನೆಲ್ ಒಂದನ್ನು ಬಿಟ್ಟು ಉಳಿದ ಲೋಕವೆಲ್ಲ ಬಿಲ್ಡ್ ಆಗುತ್ತೆ, ಕರ್ನೆಲ್ಲಿಗೆ ಇನ್ನೊಂದು ಕಮಾಂಡು.

ಆ ‘ಮೇಕ್’ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ. ಅಲ್ಲಿದ್ದ ಸ್ಟೀವ್ ಜಾನ್ಸನ್ ಒಂದು ದಿನ ಬೈದುಕೊಳ್ಳುತ್ತಾ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಅವರ ರೂಮಿಗೆ ಬಂದರು. ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಬೆಳಗ್ಗೆಯೆಲ್ಲ ಕಳೆದುಹೋಗಿತ್ತು. ತಪ್ಪನ್ನು ಆಗಲೇ ತಿದ್ದಿದ್ದರು, ಆದರೆ ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಹಳೆಯದೇ ಸೇರಿಕೊಂಡಿತ್ತು. ಹಿಂದಿನ ಸಂಜೆ ಫೆಲ್ಡ್‌ಮನ್ ಅವರಿಗೂ ಅದೇ ಗತಿ ಆಗಿತ್ತು. ಯಾವ ಫೈಲು ಯಾವುದನ್ನು ನೆಚ್ಚಿಕೊಂಡಿದೆ, ಯಾವುದು ಬದಲಾಗಿದೆ ಅಂತ ನೋಡಿ, ಬೇಕಾದಷ್ಟನ್ನೇ ಮತ್ತೆ ಕಂಪೈಲ್ ಮಾಡಿಸುವ ಉಪಕರಣವನ್ನು ಅವರು ಆ ವಾರಾಂತ್ಯದಲ್ಲೇ ಬರೆದರು. ಮೇಕ್‌ಫೈಲಿನಲ್ಲಿ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು ಎಂಬ ಕಾಟವನ್ನು ನೀವೂ ಅನುಭವಿಸಿರ್ತೀರಿ. ಅದು ಬೇಡ ಅಂತ ಫೆಲ್ಡ್‌ಮನ್ ಅವರಿಗೆ ಕೆಲವೇ ವಾರದಲ್ಲಿ ಅನ್ನಿಸಿತ್ತಂತೆ. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬಳಸೋಕೆ ಶುರು ಮಾಡಿದ್ದರು, ಅವರಿಗೆ ತೊಂದರೆ ಕೊಡುವ ಮನಸ್ಸಾಗಲಿಲ್ಲ. ಆ ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಇವತ್ತಿಗೂ ಲೋಕವೆಲ್ಲ ಟ್ಯಾಬ್ ಒತ್ತುತ್ತಿದೆ!

ಇನ್ನು ಕಂಪೈಲರ್. ಬರ್ಕ್ಲಿ ಯೂನಿಕ್ಸ್ ಬಹುಕಾಲ ಬಳಸಿದ್ದು ಇದೇ ಸ್ಟೀವ್ ಜಾನ್ಸನ್ ಬರೆದ ಸಿ ಕಂಪೈಲರನ್ನು. ಅದು ಎಟಿ ಅಂಡ್ ಟಿ ಕಂಪನಿಯ ಆಸ್ತಿ. ಬರ್ಕ್ಲಿಯವರು ತಮ್ಮ ಸಿಸ್ಟಮ್ಮನ್ನು ಯಾರ ಹಂಗೂ ಇಲ್ಲದೆ ಹಂಚಬೇಕು ಅಂತ ಹೊರಟಾಗ ಅದನ್ನು ಬಿಡಲೇಬೇಕಾಯಿತು. ಆಗ ಕೈಗೆ ಸಿಕ್ಕಿದ್ದು ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಬಿಡುಗಡೆ ಮಾಡಿದ್ದ ಜಿಸಿಸಿ. ಕಂಪೈಲರ್ ಜೊತೆಗೆ ಅಸೆಂಬ್ಲರ್, ಲಿಂಕರ್ ಮೊದಲಾದ ಬಳಗವೂ ಗ್ನೂ ಯೋಜನೆಯಿಂದಲೇ ಬಂತು. ಈ ಬಳಗಕ್ಕೆ ಟೂಲ್‌ಚೈನ್ ಅಂತಾರೆ. ಒಂದು ಹಂಗು ಬಿಟ್ಟು ಇನ್ನೊಂದರ ನೆರಳಿಗೆ ಬಂದ ಹಾಗಾಯ್ತು. ಆ ನೆರಳು ಇಪ್ಪತ್ತು ವರ್ಷ ತಂಪಾಗಿಯೇ ಇತ್ತು.

ಟೂಲ್‌ಚೈನ್ ಅಂದರೆ ನನಗೆ ಹೊಳೆಯೋದು ನಮ್ಮೂರು ಬಾಳೆಲೆ. ದಕ್ಷಿಣ ಕೊಡಗು, ನಾಗರಹೊಳೆ ಕಾಡಿನ ಪಕ್ಕ. ಗದ್ದೆ ನಾಟಿ ಮುಗಿದು ಸೆಪ್ಟೆಂಬರ್ ಶುರುವಾಗುತ್ತಿದ್ದ ಹಾಗೆ ಕೈಲ್‌ಪೊಳ್ದ್ ಹಬ್ಬ. ಕೋವಿ, ಕತ್ತಿಗಳನ್ನೆಲ್ಲ ಒರೆಸಿ, ತೋಕ್ ಪೂ ಇಟ್ಟು ಪೂಜೆ. ಆಮೇಲೆ ಕಡಂಬುಟ್ಟು, ಪಂದಿಕರಿ. ಹೊರಗಿನವರು ಫೋಟೋ ತೆಗೆಯೋದು ಈ ಒಂದು ದಿನವನ್ನು. ವರ್ಷವಿಡೀ ನಡೆಯೋದು ಬೇರೆ. ಕನ್ನಡದಲ್ಲಿ ಕತ್ತಿ ಮಸೆಯೋದು ಅಂದರೆ ಹಗೆ ಸಾಧಿಸೋದು. ನಮ್ಮ ತೋಟಗಳಲ್ಲಿ ಅದು ಬೆಳಗಿನ ಮೊದಲ ಕೆಲಸ, ಅಷ್ಟೇ. ಮಸೆಯದ ಕತ್ತಿಯಲ್ಲಿ ಕಾಡು ಕಡಿಯೋಕೆ ಇಳಿದರೆ ಮಧ್ಯಾಹ್ನದೊಳಗೆ ತೋಳು ಬಿದ್ದುಹೋಗುತ್ತೆ. ಆದರೆ ಸಂಜೆ ಲೆಕ್ಕ ಬರೆಯುವಾಗ ಎಷ್ಟು ಕಾಡು ಕಡಿದಿರಿ ಅಂತ ಕೇಳ್ತಾರೆ, ಎಷ್ಟು ಹೊತ್ತು ಮಸೆದಿರಿ ಅಂತ ಯಾರೂ ಕೇಳಲ್ಲ.

ಬಿಲ್ಡ್‌ವರ್ಲ್ಡ್ ಕೂಡ ಮಸೆಯುವುದರಿಂದಲೇ ಶುರು ಮಾಡುತ್ತೆ. ಯಂತ್ರದಲ್ಲಿ ಈಗಾಗಲೇ ಇರುವ ಹಳೇ ಕಂಪೈಲರ್ ಬಳಸಿ ಮೊದಲು ಕೆಲವು ಸಣ್ಣ ಉಪಕರಣ ಮಾಡಿಕೊಳ್ಳುತ್ತೆ. ಅವುಗಳಿಂದ ಹೊಸ ಕಂಪೈಲರ್, ಹೊಸ ಕಂಪೈಲರಿನಿಂದ ಲೈಬ್ರರಿಗಳು, ಕೊನೆಗೆ ಉಳಿದದ್ದೆಲ್ಲ. ಹಳೇ ಸಿಸ್ಟಮ್ಮಿಗೆ ಹೊಸದರ ರೀತಿನೀತಿ ಗೊತ್ತಿರಲ್ಲ, ಅದಕ್ಕೆ ಈ ಸರ್ಕಸ್ಸು. ಈ ಕ್ರಮದಿಂದಾಗಿಯೇ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಕೂತು ಆರ್ಮ್ ಚಿಪ್ಪಿನ ಪುಟ್ಟ ಬೋರ್ಡಿಗೆ ಬೇಕಾದ ಇಡೀ ಸಿಸ್ಟಂ ಮಾಡಬಹುದು. ಮಳೆಗಾಲದಲ್ಲಿ ಊರಿನಿಂದ ಕೆಲಸ ಮಾಡುವಾಗ ಇದನ್ನು ಓಡಿಸಿ ನೋಡಿದ್ದೇನೆ. ಗಂಟೆಗಟ್ಟಲೆ ಹಿಡಿಯುತ್ತೆ, ನಡುವೆ ಕರೆಂಟು ಹೋಗುತ್ತೆ. ಬಂದ ಮೇಲೆ ನಿಂತಲ್ಲಿಂದ ಮುಂದುವರಿಸಲು ಕೈಹಿಡಿಯೋದು 1976ರ ಆ ವಾರಾಂತ್ಯದ ಐಡಿಯಾವೇ.

ಮತ್ತೆ ಕತೆಗೆ ಬರೋಣ. 2007ರ ಜೂನ್ 29ರಂದು ಗ್ನೂ ಲೈಸೆನ್ಸಿನ ಮೂರನೇ ಆವೃತ್ತಿ, ಜಿಪಿಎಲ್ 3 ಹೊರಬಂತು. ಟಿವೋ ಎಂಬ ಟಿವಿ ರೆಕಾರ್ಡರಿನೊಳಗೆ ಲಿನಕ್ಸ್ ಇತ್ತು, ಆದರೆ ಕೊಂಡವರು ಆ ಕೋಡು ತಿದ್ದಿ ಹಾಕಿದರೆ ಪೆಟ್ಟಿಗೆ ಓಡುತ್ತಿರಲಿಲ್ಲ. ಇಂಥದ್ದನ್ನು ತಡೆಯುವ ಷರತ್ತು ಹೊಸ ಲೈಸೆನ್ಸಿನಲ್ಲಿತ್ತು, ಪೇಟೆಂಟಿನ ಬಗ್ಗೆಯೂ ಷರತ್ತುಗಳಿದ್ದವು. ಸ್ಟಾಲ್ಮನ್ ಅವರ ಕಡೆಯಿಂದ ನೋಡಿದರೆ ನ್ಯಾಯವೇ. ಆದರೆ ಫ್ರೀಬಿಎಸ್‌ಡಿಯ ಲೈಸೆನ್ಸು ‘ತಗೊಳ್ಳಿ, ಏನಾದರೂ ಮಾಡ್ಕೊಳ್ಳಿ’ ಅನ್ನುವಂಥದ್ದು, ಅದನ್ನು ನೆಚ್ಚಿ ಪ್ರಾಡಕ್ಟ್ ಮಾಡುವ ಕಂಪನಿಗಳಿಗೆ ಹೊಸ ಷರತ್ತು ಒಗ್ಗುವ ಹಾಗಿರಲಿಲ್ಲ. ಹಳೇ ಲೈಸೆನ್ಸಿನಲ್ಲಿ ಬಂದ ಕೊನೆಯ ಜಿಸಿಸಿ 4.2.1, ಅದು ಹೊರಬಂದಿದ್ದು ಅದೇ ಜುಲೈನಲ್ಲಿ. ಫ್ರೀಬಿಎಸ್‌ಡಿ ಅಲ್ಲಿಗೇ ನಿಂತುಬಿಟ್ಟಿತು. ಜಗತ್ತಿನ ಜಿಸಿಸಿ ಮುಂದೆ ಮುಂದೆ ಹೋಯ್ತು, ಹೊಸ ಪ್ರೊಸೆಸರುಗಳು, ಸಿ ಪ್ಲಸ್ ಪ್ಲಸ್‌ನ ಹೊಸ ಸ್ಟ್ಯಾಂಡರ್ಡುಗಳು ಬಂದವು. ಇವರ ಬಳಿ ಉಳಿದದ್ದು 2007ರ ಕತ್ತಿ.

ದಾರಿ ಸಿಕ್ಕಿದ್ದು ಇನ್ನೊಂದು ಕಡೆ. 2000ದ ಕೊನೆಗೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಕ್ರಮ್ ಆಡ್ವೆ ಮತ್ತು ಅವರ ವಿದ್ಯಾರ್ಥಿ ಕ್ರಿಸ್ ಲ್ಯಾಟ್ನರ್ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆ ಶುರು ಮಾಡಿದ್ದರು. ಆಡ್ವೆ ಬಿಟೆಕ್ ಓದಿದ್ದು ಬಾಂಬೆ ಐಐಟಿಯಲ್ಲಿ. ಲ್ಯಾಟ್ನರ್ ಆಪಲ್ ಸೇರಿದ ಮೇಲೆ 2007ರಲ್ಲಿ ಇದಕ್ಕೆ ಕ್ಲ್ಯಾಂಗ್ ಎಂಬ ಸಿ ಕಂಪೈಲರ್ ಓಪನ್ ಸೋರ್ಸ್ ಆಗಿ ಸೇರಿಕೊಂಡಿತು. ಅದರ ಲೈಸೆನ್ಸು ಫ್ರೀಬಿಎಸ್‌ಡಿಗೆ ಹೊಂದುವಂಥದ್ದು. 2012ರ 9.0ರಲ್ಲಿ ಕ್ಲ್ಯಾಂಗ್ ಜಿಸಿಸಿಯ ಪಕ್ಕದಲ್ಲಿ ಕೂತಿತು. 2014ರ ಜನವರಿಯ 10.0ರಲ್ಲಿ ಇಂಟೆಲ್ ಯಂತ್ರಗಳಿಗೆ ಅದೇ ಮುಖ್ಯ ಕಂಪೈಲರ್ ಆಯಿತು.

ಸುದ್ದಿಯಲ್ಲಿ ಬರೋದು ಇಲ್ಲಿಯವರೆಗಿನ ಕತೆ. ಆದರೆ ಕಂಪೈಲರ್ ಒಂದು ಬದಲಾದರೆ ಟೂಲ್‌ಚೈನ್ ಬದಲಾಯ್ತು ಅಂತಲ್ಲ. ಕಂಪೈಲ್ ಆದ ಪ್ರತಿಯೊಂದು ಪ್ರೋಗ್ರಾಮೂ ಡಿಸ್ಕಿನ ಮೇಲೆ ಎಲ್ಫ್ ಎಂಬ ವಿನ್ಯಾಸದಲ್ಲಿ ಕೂರುತ್ತೆ. ಅಂಥ ಫೈಲಿನ ಮೊದಲ ಬೈಟ್ 127, ಆಮೇಲೆ ಇ, ಎಲ್, ಎಫ್ ಎಂಬ ಮೂರು ಅಕ್ಷರ, ನಂತರ ಒಳಗೆ ಏನೇನು ಎಲ್ಲೆಲ್ಲಿದೆ ಎಂಬ ಪಟ್ಟಿ. ಆ ಪಟ್ಟಿಯನ್ನು ಓದಿ ಹೇಳುವ, ಬೇಡದ್ದನ್ನು ಕಿತ್ತುಹಾಕುವ ಸಣ್ಣ ಸಣ್ಣ ಕಮಾಂಡುಗಳು ಬಿಲ್ಡಿನ ಹೆಜ್ಜೆ ಹೆಜ್ಜೆಗೂ ಬೇಕು. ಅವೆಲ್ಲ ಗ್ನೂವಿನವು, ಅವೂ ಹಳೇ ಲೈಸೆನ್ಸಿನ ಕೊನೆಯ ಆವೃತ್ತಿಯಲ್ಲೇ ನಿಂತಿದ್ದವು.

ಬೆಂಗಳೂರು ಬರೋದು ಇಲ್ಲಿ. ಫ್ರೀಬಿಎಸ್‌ಡಿಯ ಡೆವಲಪರ್ ಜೋಸೆಫ್ ಕೋಶಿ ಕೆಲಸ ಮಾಡುತ್ತಿದ್ದದ್ದು ಬೆಂಗಳೂರಿನಿಂದ. ಪ್ರೊಸೆಸರಿನೊಳಗಿನ ಎಣಿಕೆಗಳನ್ನು ಓದಿ ಪ್ರೋಗ್ರಾಮ್ ಎಲ್ಲಿ ನಿಧಾನವಾಗುತ್ತಿದೆ ಅಂತ ತೋರಿಸುವ ವ್ಯವಸ್ಥೆಯೊಂದನ್ನು ಅವರು 2005ರಲ್ಲಿ ಸೇರಿಸಿದ್ದರು. ಆಮೇಲೆ ಕೈಹಾಕಿದ್ದು ಎಲ್ಫ್ ಫೈಲುಗಳನ್ನು ಓದುವ, ಬರೆಯುವ ಲೈಬ್ರರಿಗೆ, ಹೆಸರು ಲಿಬೆಲ್ಫ್. ಅದರ ನಕ್ಷೆ ಎಟಿ ಅಂಡ್ ಟಿ ಯೂನಿಕ್ಸಿನದು, ಕೋಡು ಪೂರ್ತಿ ಹೊಸದು. 2008ರ ಫೆಬ್ರವರಿಯಲ್ಲಿ ಬಂದ 7.0 ಆವೃತ್ತಿಯಲ್ಲಿ ಅದು ಸೇರಿತು. ಅದರ ಸುತ್ತ ಎಲ್ಫ್ ಟೂಲ್ ಚೈನ್ ಎಂಬ ಬೇರೆಯದೇ ಯೋಜನೆ ಬೆಳೆಯಿತು, ಕೈ ವಾಂಗ್ ಮೊದಲಾದವರು ಸೇರಿ ಒಂದೊಂದೇ ಕಮಾಂಡನ್ನು ಹೊಸದಾಗಿ ಬರೆದರು. ಕಲಿಯುವವರಿಗೆ ಅಂತ ಕೋಶಿ ಒಂದು ಟ್ಯುಟೋರಿಯಲ್ ಪುಸ್ತಕವನ್ನೂ ಬರೆದು ಪುಕ್ಕಟೆ ಹಂಚಿದರು.

ಆಗಿನ ಬೆಂಗಳೂರು ನೆನಪಿಸಿಕೊಳ್ಳಿ. ಹೊರ ವರ್ತುಲ ರಸ್ತೆಯ ಉದ್ದಕ್ಕೂ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಅಂತ ಶುರುವಾಗಿ 2005ರಲ್ಲಿ ಫಾಸ್ ಡಾಟ್ ಇನ್ ಅಂತ ಹೆಸರು ಬದಲಿಸಿಕೊಂಡ ಸಮ್ಮೇಳನಕ್ಕೆ ಸಾವಿರಾರು ಜನ ಬರುತ್ತಿದ್ದರು. ಬಳಸಿದ್ದು ಸಾಕು, ಇನ್ನು ಬರೆದು ಕೊಡಿ ಅಂತ ಅದನ್ನು ನಡೆಸುತ್ತಿದ್ದ ಅತುಲ್ ಚಿಟ್ನಿಸ್ ಪಟ್ಟು ಹಿಡಿಯುತ್ತಿದ್ದರು. ಬರೆದು ಕೊಟ್ಟವರಲ್ಲೂ ಹೆಚ್ಚಿನವರ ಆಸೆ ಕಣ್ಣಿಗೆ ಕಾಣುವ ಕೆಲಸದ ಮೇಲೆ. ಎಲ್ಫ್ ಫೈಲಿನ ತಲೆಬರಹ ಓದುವ ಲೈಬ್ರರಿಯನ್ನು ವರ್ಷಗಟ್ಟಲೆ ಕೂತು ತಿದ್ದೋದಕ್ಕೆ ಬೇರೆಯದೇ ತಾಳ್ಮೆ ಬೇಕು.

2016ರ ಅಕ್ಟೋಬರಿನಲ್ಲಿ 11.0 ಬಂದಾಗ ಫ್ರೀಬಿಎಸ್‌ಡಿಯ ಗ್ನೂ ಉಪಕರಣಗಳಲ್ಲಿ ಹೆಚ್ಚಿನವುಗಳ ಜಾಗದಲ್ಲಿ ಎಲ್ಫ್ ಟೂಲ್ ಚೈನಿನವು ಕೂತಿದ್ದವು. ಜಿಸಿಸಿ 4.2.1 ಮಾತ್ರ ಇನ್ನೂ ಮೂಲೆಯಲ್ಲಿತ್ತು, ಯಾಕಂದರೆ ಪವರ್‌ಪಿಸಿ, ಸ್ಪಾರ್ಕ್‌ನಂಥ ಹಳೇ ಯಂತ್ರಗಳು ಅದನ್ನೇ ನೆಚ್ಚಿಕೊಂಡಿದ್ದವು. ಪವರ್‌ಪಿಸಿಯನ್ನು ಕ್ಲ್ಯಾಂಗಿಗೆ ಒಗ್ಗಿಸಿದರು, ಸ್ಪಾರ್ಕನ್ನು ಕೈಬಿಟ್ಟರು. 2020ರ ಫೆಬ್ರವರಿ ಕೊನೆಗೆ ಜಿಸಿಸಿಯನ್ನು ಮರದಿಂದ ತೆಗೆದರು. ಲೈಸೆನ್ಸಿನ ಒಂದು ಬದಲಾವಣೆಯಿಂದ ಬಿಡಿಸಿಕೊಳ್ಳಲು ಹನ್ನೆರಡು ವರ್ಷಕ್ಕೂ ಹೆಚ್ಚು ಹಿಡಿಯಿತು.

ಇಷ್ಟೆಲ್ಲ ಯಾಕೆ ಬೇಕಿತ್ತು, ಯಾರದ್ದೋ ಕಟ್ಟಿದ್ದನ್ನು ಡೌನ್‌ಲೋಡ್ ಮಾಡಿಕೊಂಡರೆ ಸಾಲದೆ ಅಂತ ಕೇಳಬಹುದು. 1984ರಲ್ಲೇ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಯೂನಿಕ್ಸಿನ ಕೆನ್ ಥಾಂಪ್ಸನ್ ಎಚ್ಚರಿಸಿದ್ದರು. ಕಂಪೈಲರಿನೊಳಗೇ ಕಳ್ಳಬಾಗಿಲು ಇಟ್ಟರೆ ನಿಮ್ಮ ಸೋರ್ಸನ್ನು ಎಷ್ಟು ಓದಿದರೂ ಅದು ಕಾಣಿಸಲ್ಲ. ನಲವತ್ತು ವರ್ಷದ ನಂತರ, 2024ರ ಮಾರ್ಚಿನಲ್ಲಿ, ಹೆಚ್ಚು ಕಡಿಮೆ ಅಂಥದ್ದೇ ಆಯಿತು. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಸಣ್ಣ ಸಾಫ್ಟ್‌ವೇರನ್ನು ಒಬ್ಬರೇ, ಬಿಡುವಿನ ವೇಳೆಯಲ್ಲಿ, ಸುಸ್ತಾಗಿ ನೋಡಿಕೊಳ್ಳುತ್ತಿದ್ದರು. ಸಹಾಯ ಮಾಡ್ತೀನಿ ಅಂತ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದ ಅಪರಿಚಿತ ಖಾತೆಯೊಂದು ಅದರಲ್ಲಿ ಕಳ್ಳಬಾಗಿಲು ಇಟ್ಟಿತು. ಇಟ್ಟ ಜಾಗ ಬಿಲ್ಡ್ ಸ್ಕ್ರಿಪ್ಟು. ಯಾರೂ ಓದದ ಫೈಲು ಅದೇ ತಾನೆ? ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ತಲೆಕೆಡಿಸಿಕೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರಿನಿಂದಾಗಿ ಅದು ಬಯಲಾಯಿತು.

ಆ ಆವೃತ್ತಿಯನ್ನು ಫ್ರೀಬಿಎಸ್‌ಡಿ ತನ್ನ ಅಭಿವೃದ್ಧಿಯ ಮರಕ್ಕೆ ಆಗಲೇ ತಂದುಕೊಂಡಿತ್ತು, ಆದರೂ ಏನೂ ಆಗಲಿಲ್ಲ. ದಾಳಿಯ ಗುರಿ ಲಿನಕ್ಸ್ ಆಗಿತ್ತು, ಅದು ನಿಜ. ಇನ್ನೊಂದು ಕಾರಣವನ್ನು ಅವರ ಭದ್ರತಾ ತಂಡವೇ ಹೇಳಿತು. ಹೊರಗಿನ ಸಾಫ್ಟ್‌ವೇರ್ ತರುವಾಗ ಅವರು ಸೋರ್ಸನ್ನು ಮಾತ್ರ ತರುತ್ತಾರೆ, ಅದರ ಬಿಲ್ಡ್ ಸ್ಕ್ರಿಪ್ಟನ್ನು ಬಳಸುವುದಿಲ್ಲ. ಬದಲಿಗೆ ತಮ್ಮದೇ ಪುಟ್ಟ ಮೇಕ್‌ಫೈಲನ್ನು ಕೈಯಾರೆ ಬರೆದು, ವರ್ಷಾನುಗಟ್ಟಲೆ ತಿದ್ದುತ್ತಾ ಇರುತ್ತಾರೆ. ಹೊಸ ಆವೃತ್ತಿ ಬಂದಾಗಲೆಲ್ಲ ಮತ್ತೆ ಅದೇ ಬೇಸರದ ಕೆಲಸ. ಕಳ್ಳ ಬಂದಿದ್ದ, ಅವನು ಕಾಲಿಡಬೇಕಾದ ಮೆಟ್ಟಿಲೇ ಆ ಮನೆಗೆ ಇರಲಿಲ್ಲ.

ಮುಂದಿನ ಸ್ಪ್ರಿಂಟ್ ಪ್ಲ್ಯಾನಿಂಗಿನಲ್ಲಿ ‘ಬಿಲ್ಡ್ ಕ್ಲೀನಪ್ಪಾ? ಮುಂದಿನ ಕ್ವಾರ್ಟರಿಗೆ ನೋಡೋಣ’ ಎಂಬ ಮಾತು ಬಂದಾಗ ಈ ಕತೆ ನೆನಪಿರಲಿ. ಎಲ್ಲಾದರೂ ಫ್ರೀಬಿಎಸ್‌ಡಿ ಯಂತ್ರ ಕೈಗೆ ಸಿಕ್ಕರೆ ‘ಮ್ಯಾನ್ ಎಲ್ಫ್’ ಅಂತ ಟೈಪ್ ಮಾಡಿ ಕೊನೆಯವರೆಗೂ ಇಳಿದು ನೋಡಿ. ಈ ಲೈಬ್ರರಿ ಮೊದಲು ಬಂದಿದ್ದು 7.0ರಲ್ಲಿ ಅಂತ ಒಂದು ಸಾಲಿದೆ. ಅದರ ಕೆಳಗೆ, ಬರೆದವರು ಜೋಸೆಫ್ ಕೋಶಿ ಅಂತ ಇನ್ನೊಂದು ಸಾಲು.