ತಗಡಿನ ಬಿಲ್ಲೆಯಿಂದ ರಹದಾರಿಯವರೆಗೆ

ಸುಳ್ಯ, ಪುತ್ತೂರು ಸೀಮೆಯ ರಬ್ಬರ್ ತೋಟಗಳಲ್ಲಿ ಬೆಳಗಿನ ಜಾವಕ್ಕೆದ್ದು ಮರದ ಹಾಲು ತೆಗೆಯುವವರಲ್ಲಿ ಅನೇಕರ ಮನೆಮಾತು ತಮಿಳು. ನಮ್ಮ ಕಡೆಯ ಜನ ಅವರನ್ನು ಸಿಲೋನಿನವರು ಎನ್ನುತ್ತಾರೆ. ಸಿಲೋನಿನಲ್ಲಿದ್ದಾಗ ಅವರು ಇಂಡಿಯಾದವರು ಎನಿಸಿಕೊಂಡಿದ್ದರು. ಈ ಎರಡು ಹೆಸರುಗಳ ನಡುವೆ ಒಂದು ಕಿರುಗಡಲೂ ಹಲವು ಕಟ್ಟು ಕಾಗದಗಳೂ ಇವೆ. ಎರಡರಲ್ಲಿ ಕಡಲು ದಾಟುವುದೇ ಸುಲಭವಾಗಿತ್ತು.

೧೯ನೆಯ ಶತಮಾನದಲ್ಲಿ ಬ್ರಿಟಿಷರು ಸಿಂಹಳದ ಬೆಟ್ಟಗಳಲ್ಲಿ ಮೊದಲು ಕಾಫಿಯನ್ನೂ, ಎಲೆರೋಗ ತಗಲಿ ಅದು ಹಾಳಾದ ಮೇಲೆ ಚಹವನ್ನೂ ಬೆಳೆಸಿದರು. ದುಡಿಯಲು ತಮಿಳು ಜಿಲ್ಲೆಗಳಿಂದ ಬಡವರು ಹೋದರು. ಅವರನ್ನು ಕಲೆಹಾಕಿ ಕರೆದೊಯ್ಯುತ್ತಿದ್ದವನು ಕಂಗಾಣಿ. ಕಣ್ಣಿಟ್ಟು ಕಾಣುವವನು ಎಂಬ ಅರ್ಥ ಕನ್ನಡಿಗರಿಗೂ ಕೂಡಲೇ ಹೊಳೆಯುತ್ತದೆ. ಹೋಗುವವನು ತಾನು ಯಾರೆಂದು ತೋರಿಸಬೇಕಾದ ರುಜುವಾತು ಹೆಚ್ಚೇನೂ ಇರಲಿಲ್ಲ. ೨೦ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೂಲಿಯ ಕೈಗೆ ತಗಡಿನ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಅದರ ಮೇಲೆ ಜಿಲ್ಲೆಯ ಗುರುತು, ತೋಟದ ಅಂಕೆ, ಆಳಿನ ಅಂಕೆ, ಇಷ್ಟೇ. ಹುಟ್ಟಿದ ಊರು ಯಾವುದು, ತಂದೆ ಯಾರು, ಎಂಬುದಕ್ಕೆ ಆ ಬಿಲ್ಲೆಯಲ್ಲಿ ಜಾಗವಿರಲಿಲ್ಲ. ಮುಂದೆ ಎರಡು ಸರಕಾರಗಳು ಅವನ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕೇಳಿದ್ದು ಮಾತ್ರ ಅದನ್ನೇ.

ಸಿಂಹಳ ಸ್ವತಂತ್ರವಾದದ್ದು ೧೯೪೮ರಲ್ಲಿ. ಅದರ ಪೌರತ್ವದ ಕಾಯಿದೆಯೂ ಆ ವರ್ಷದ್ದೇ. ಅಲ್ಲಿ ಹುಟ್ಟಿದ್ದರೆ ಸಾಲದು. ತಂದೆ ಅಲ್ಲಿ ಹುಟ್ಟಿರಬೇಕು, ಇಲ್ಲವಾದರೆ ಅಜ್ಜ ಮುತ್ತಜ್ಜರಿಬ್ಬರೂ ಅಲ್ಲಿ ಹುಟ್ಟಿರಬೇಕು. ಆ ದ್ವೀಪದಲ್ಲಿ ಜನನದ ನೋಂದಣಿ ಕಡ್ಡಾಯವಾದದ್ದೇ ೧೮೯೭ರಲ್ಲಿ! ಮುತ್ತಜ್ಜನ ಜನನಪತ್ರವನ್ನು ಯಾರು ಎಲ್ಲಿಂದ ತರಬೇಕು? ೧೯೪೯ರಲ್ಲಿ ಭಾರತ ಪಾಕಿಸ್ತಾನಗಳಿಂದ ಬಂದವರಿಗೆಂದೇ ಇನ್ನೊಂದು ಕಾಯಿದೆ ಬಂತು. ಎಡೆಬಿಡದೆ ಇಷ್ಟು ವರ್ಷ ನೆಲೆಸಿದ್ದೆವೆಂದು ತೋರಿಸಿ, ೧೯೫೧ರ ಆಗಸ್ಟ್ ೫ರೊಳಗೆ ಅರ್ಜಿ ಹಾಕಬೇಕು. ಎಂಟು ಲಕ್ಷಕ್ಕೂ ಮಿಕ್ಕಿದ ಜನರ ಪರವಾಗಿ ಅರ್ಜಿಗಳು ಬಿದ್ದವು. ಪೌರತ್ವ ಸಿಕ್ಕಿದ್ದು ಸುಮಾರು ೧,೩೪,೦೦೦ ಮಂದಿಗೆ.

ಹಾಗಾದರೆ ಪೂರ್ವಿಕರ ನಾಡು? ಅದರ ಬಾಗಿಲು ತೆರೆದೇ ಇತ್ತೆಂದು ಮೇಲುನೋಟಕ್ಕೆ ತೋರುತ್ತದೆ. ತಾನಾಗಲಿ, ತಂದೆತಾಯಿಗಳಲ್ಲೊಬ್ಬರಾಗಲಿ, ಅಜ್ಜ ಅಜ್ಜಿಯರಲ್ಲೊಬ್ಬರಾಗಲಿ ಅವಿಭಕ್ತ ಭಾರತದಲ್ಲಿ ಹುಟ್ಟಿದ್ದರೆ, ಹೊರನಾಡಿನಲ್ಲಿರುವವನೂ ಭಾರತದ ಪ್ರಜೆಯಾಗಬಹುದೆಂದು ನಮ್ಮ ಸಂವಿಧಾನದ ೮ನೆಯ ವಿಧಿ ಹೇಳುತ್ತದೆ. ಉದಾರವಾದ ಮಾತು. ಆದರೆ ಅದೇ ವಾಕ್ಯದ ಬಾಲದಲ್ಲಿ, ಅರ್ಜಿ ಸಲ್ಲಿಸಿ, ಆ ದೇಶದಲ್ಲಿರುವ ನಮ್ಮ ಪ್ರತಿನಿಧಿಯ ಬಳಿ ನೋಂದಾಯಿಸಿಕೊಂಡಿದ್ದರೆ ಎಂಬ ಷರತ್ತೂ ಇದೆ. ನೋಂದಾಯಿಸಿಕೊಳ್ಳದವರು ನಮ್ಮವರಲ್ಲ ಎಂದು ದಿಲ್ಲಿ ಹೇಳಿತು. ಪೌರತ್ವ ಪಡೆಯದವರು ನಮ್ಮವರಲ್ಲ ಎಂದು ಕೊಲಂಬೊ ಹೇಳಿತು. ಎರಡೂ ಕಾನೂನಿನ ಪ್ರಕಾರ ಸರಿಯೇ. ಸುಮಾರು ಹತ್ತು ಲಕ್ಷ ಜನ ಯಾವ ದೇಶಕ್ಕೂ ಸೇರದೆ ಚಹದ ಎಲೆ ಕೀಳುತ್ತ ಉಳಿದರು.

೧೯೬೪ರ ಅಕ್ಟೋಬರ್ ೩೦ರಂದು ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಕೆಯವರೂ ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು ೯,೭೫,೦೦೦ ಜನ. ಭಾರತಕ್ಕೆ ೫,೨೫,೦೦೦, ಸಿಂಹಳಕ್ಕೆ ೩,೦೦,೦೦೦. ಉಳಿದ ೧,೫೦,೦೦೦ ಜನರನ್ನು ೧೯೭೪ರಲ್ಲಿ ಸರಿಯಾಗಿ ಅರ್ಧರ್ಧ ಹಂಚಿಕೊಂಡರು. ಭಾರತಕ್ಕೆ ಏಳು ಮಂದಿ ಹೊರಟರೆ ಅಲ್ಲಿ ನಾಲ್ವರಿಗೆ ಪೌರತ್ವ ಎಂಬ ಲೆಕ್ಕವೂ ಇತ್ತು. ಅಣ್ಣತಮ್ಮಂದಿರು ಗದ್ದೆ ಪಾಲು ಮಾಡಿಕೊಳ್ಳುವಾಗಲೂ ಇಷ್ಟು ಕರಾರುವಾಕ್ಕಾದ ಲೆಕ್ಕ ಅಪರೂಪ. ಪಾಲಾದ ಜನರನ್ನು ಯಾರೂ ಕೇಳಲಿಲ್ಲ. ಅವರ ಅಭಿಪ್ರಾಯ ಗೊತ್ತಾದದ್ದು ೧೯೭೦ರ ಏಪ್ರಿಲ್ ತಿಂಗಳ ಗಡುವಿನೊಳಗೆ ಬಂದ ಅರ್ಜಿಗಳಿಂದ. ಸಿಂಹಳದ ಪೌರತ್ವ ಬೇಡಿದವರು ನಿಗದಿಯಾದ ಸಂಖ್ಯೆಯ ಎರಡರಷ್ಟಕ್ಕೂ ಮೀರಿದರು. ಭಾರತವನ್ನು ಬೇಡಿದವರು ನಿಗದಿಯಾದಷ್ಟು ಆಗಲೇ ಇಲ್ಲ.

ಬೇಡಿದವರ ಪಾಡು ಹೇಗಿತ್ತು? ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜ ಒಂದು ಭಾನುವಾರ ತಗಡಿನ ಪೆಟ್ಟಿಗೆ ತೆರೆದು ತಮ್ಮ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿದರು. ಅರ್ಜಿಯ ನಕಲು, ತೋಟದ ದೊರೆ ಕೊಟ್ಟ ಪತ್ರ, ರಹದಾರಿ, ಕುಟುಂಬದ ಕಾರ್ಡು. ತೋಟದ ಹಾಜರಿ ಪುಸ್ತಕದಲ್ಲಿ ಗುಮಾಸ್ತ ಬರೆದ ಹೆಸರು ಒಂದು, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು. ಅರ್ಜಿ ಎರಡು ಸಲ ಹಿಂತಿರುಗಿತಂತೆ. "ಪೂರ್ವಿಕರ ಊರಿನ ಕಲಮಿಗೆ ಏನು ಬರೆಸಿದಿರಿ, ತಾತಾ?" ಎಂದೆ. "ನಮ್ಮ ಅಜ್ಜಿ ತಿರುಚ್ಚಿ ಅನ್ನೋರು, ಸಾರ್. ತಿರುಚ್ಚಿ ಅಂತಲೇ ಬರೆಸಿದೆ. ತಿರುಚ್ಚೀಲಿ ಎಲ್ಲಿ ಅಂತ ಕೇಳಿದ್ರು. ನನಗೇನು ಗೊತ್ತು?" ಎಂದು ನಕ್ಕರು.

ರಹದಾರಿ ಕೈಗೆ ಬಂದರೂ ಹೊರಡುವಂತಿರಲಿಲ್ಲ. ಭವಿಷ್ಯನಿಧಿ, ಗ್ರಾಚುಯಿಟಿ ಲೆಕ್ಕ ತೀರಬೇಕು, ಹಣ ಒಯ್ಯಲು ಅನುಮತಿ ಸಿಗಬೇಕು, ಭಾರತದಲ್ಲಿ ಎಲ್ಲಿಗೆ ಕಳಿಸುವರೆಂಬುದು ಕುಟುಂಬದ ಕಾರ್ಡಿನಲ್ಲಿ ನಮೂದಾಗಬೇಕು. ಆಮೇಲೆ ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು, ಅಲ್ಲಿಂದ ಮಂಡಪಂ ಶಿಬಿರ. ಈ ಮಂಡಪಂ ಶಿಬಿರದ ಚರಿತ್ರೆ ಸ್ವಾರಸ್ಯವಾದದ್ದು. ಬ್ರಿಟಿಷರ ಕಾಲದಲ್ಲಿ ಸಿಂಹಳಕ್ಕೆ ಹೊರಟ ಕೂಲಿಗಳನ್ನು ರೋಗರುಜಿನದ ತಪಾಸಣೆಗಾಗಿ ತಡೆದಿರಿಸುತ್ತಿದ್ದ ಜಾಗವೇ ಅದು. ತಾತಂದಿರು ಬಿಲ್ಲೆ ಹಿಡಿದು ಹೋದ ಅದೇ ಅಂಗಳಕ್ಕೆ ಮೊಮ್ಮಕ್ಕಳು ರಹದಾರಿ ಹಿಡಿದು ಬಂದು ಇಳಿದರು. ಸರಕಾರದ ತಮಿಳಿನಲ್ಲಿ ಅವರ ಹೆಸರು, ತಾಯ್ನಾಡಿಗೆ ತಿರುಗಿ ಬಂದವರು. ಎಂದೂ ನೋಡದ ಊರಿಗೆ ತಿರುಗಿ ಬರುವುದು ಹೇಗೆ ಎಂದು ಭಾಷೆ ಕಲಿಸುವ ನನಗೆ ಇನ್ನೂ ಬಿಡಿಸಲಾಗಿಲ್ಲ.

೧೯೮೪ರಲ್ಲಿ ಹಡಗು ನಿಂತಿತು. ಭಾರತದ ರಹದಾರಿ ಕೈಯಲ್ಲಿದ್ದೂ ಸಹಸ್ರಾರು ಮಂದಿ ಅಲ್ಲೇ ಉಳಿದರು. ಕೊನೆಗೆ ೨೦೦೩ರಲ್ಲಿ ಶ್ರೀಲಂಕಾದ ಪಾರ್ಲಿಮೆಂಟು ಹೊಸ ಕಾಯಿದೆ ಮಾಡಿತು. ಅರ್ಜಿಯ ರಗಳೆಯನ್ನು ಕಡಿಮೆ ಮಾಡಿದ್ದರಿಂದ ೧೦ ದಿನಗಳಲ್ಲಿ ೧,೯೦,೦೦೦ಕ್ಕೂ ಹೆಚ್ಚು ಜನ ಪೌರತ್ವ ಪಡೆದರು. ೧೯೪೮ರಿಂದ ಎಣಿಸಿದರೆ ಅದಕ್ಕೆ ೫೫ ವರ್ಷ ಹಿಡಿದಿತ್ತು.

ಬಂದವರನ್ನು ನೀಲಗಿರಿಯ ಚಹಾ ತೋಟಗಳಿಗೂ ಕೇರಳದ ರಬ್ಬರ್ ತೋಟಗಳಿಗೂ ಹಂಚಿದರು. ಒಂದು ಪಾಲು ನಮ್ಮ ದಕ್ಷಿಣ ಕನ್ನಡಕ್ಕೂ ಬಂತು. ಮೂರನೆಯ ತಲೆಮಾರಿನ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿ, ತುಳುವಿನಲ್ಲಿ ಜಗಳವಾಡಿ, ಈಗ ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಆ ವಿದ್ಯಾರ್ಥಿನಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದಾಳೆ. ಪರಿಶಿಷ್ಟ ಜಾತಿಯ ಪತ್ರಕ್ಕೆ, ೧೯೫೦ರಲ್ಲಿ ಕುಟುಂಬ ಯಾವ ರಾಜ್ಯದ ಯಾವ ಊರಿನಲ್ಲಿ ನೆಲೆಸಿತ್ತೆಂಬ ದಾಖಲೆ ಬೇಕಂತೆ. ೧೯೫೦ರಲ್ಲಿ ಕುಟುಂಬ ಇದ್ದದ್ದು ನುವರ ಎಲಿಯದ ಒಂದು ತೋಟದಲ್ಲಿ. ತಾತ ಪೆಟ್ಟಿಗೆಯನ್ನು ಮತ್ತೆ ತೆರೆದಿದ್ದಾರೆ.