ಕುದುರೆ ಲಾಯದಿಂದ ದಿವಾನಗಿರಿಯವರೆಗೆ: ಮೈಸೂರು ಸಂಸ್ಥಾನದ ಮುಸ್ಲಿಂ ಗಣ್ಯರು

1799ರಲ್ಲಿ ಶ್ರೀರಂಗಪಟ್ಟಣದ ಪತನದೊಂದಿಗೆ ಟಿಪ್ಪು ಸುಲ್ತಾನನ ಆಳ್ವಿಕೆ ಕೊನೆಗೊಂಡು ಒಡೆಯರ ಮನೆತನಕ್ಕೆ ಸಿಂಹಾಸನ ಮರಳಿದಾಗ, ಸುಲ್ತಾನನ ಮಕ್ಕಳನ್ನು ಮೊದಲು ವೆಲ್ಲೂರಿಗೂ 1806ರ ಸಿಪಾಯಿ ದಂಗೆಯ ಬಳಿಕ ಕಲ್ಕತ್ತೆಗೂ ಸಾಗಿಸಲಾಯಿತು. ಹಳೆಯ ದರ್ಬಾರಿನ ಆಶ್ರಯ ಹೀಗೆ ಕಳಚಿದ್ದರಿಂದ, ಮುಂದಿನ ಒಂದೂವರೆ ಶತಮಾನದಲ್ಲಿ ಮೈಸೂರು ಸಂಸ್ಥಾನದಲ್ಲಿ ಹೆಸರು ಮಾಡಿದ ಮುಸ್ಲಿಮರಲ್ಲಿ ಹಲವರು ಸುಲ್ತಾನನ ಕಾಲದ ಸರದಾರರ ವಾರಸುದಾರರಾಗಿರದೆ, ವ್ಯಾಪಾರಕ್ಕೋ ವಿದ್ಯೆಗೋ ಹೊರಗಿನಿಂದ ಬಂದು ಇಲ್ಲಿಯೇ ನೆಲೆ ನಿಂತವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳಾಗಿದ್ದರು.

ಇಂಥವರಲ್ಲಿ ಆಗಾ ಅಲಿ ಅಸ್ಕರ್ ಪ್ರಮುಖರು. ಇರಾನಿನ ಶಿರಾಜ್ ನಗರದಿಂದ ಕುದುರೆಗಳೊಡನೆ ಬೆಂಗಳೂರಿಗೆ ಬಂದ ಅವರು, ದಂಡು ಪ್ರದೇಶದ, ಅಂದರೆ ಬ್ರಿಟಿಷ್ ಸೇನೆಯ ಬೀಡಿದ್ದ ಭಾಗದ, ಅಶ್ವದಳಕ್ಕೂ ಮುಮ್ಮಡಿ ಕೃಷ್ಣರಾಜ ಒಡೆಯರ ಲಾಯಕ್ಕೂ ಕುದುರೆ ಒದಗಿಸುತ್ತ ಶ್ರೀಮಂತರಾದರು. 1834ರಿಂದ 1861ರವರೆಗೆ ಸಂಸ್ಥಾನದ ಆಡಳಿತ ನಡೆಸಿದ ಕಮಿಷನರ್ ಮಾರ್ಕ್ ಕಬ್ಬನ್ ಅವರ ಸ್ನೇಹವೂ ಅವರಿಗೆ ಒದಗಿತು. ಕುದುರೆಯಲ್ಲಿ ಗಳಿಸಿದ್ದನ್ನು ಅವರು ಬಂಗಲೆಗಳನ್ನು ಕಟ್ಟಿಸುವುದಕ್ಕೆ ತೊಡಗಿಸಿದರು. ಅವರ ಹೆಸರಿನ ರಸ್ತೆ ಬೆಂಗಳೂರಿನಲ್ಲಿ ಇಂದಿಗೂ ಇದೆ.

ಅರಮನೆಯ ಇನ್ನೊಂದು ಬಾಗಿಲು ಸಂಗೀತದ್ದು. ಕರ್ನಾಟಕ ಸಂಗೀತದ ತವರೆನಿಸಿದ ಮೈಸೂರು ಆಸ್ಥಾನ ಹಿಂದೂಸ್ತಾನಿ ಉಸ್ತಾದರನ್ನೂ ಕರೆದು ಗೌರವಿಸುತ್ತಿತ್ತು. ಆಗ್ರಾ ಘರಾನೆಯ, ಎಂದರೆ ಆಗ್ರಾದಲ್ಲಿ ರೂಪುಗೊಂಡ ಗಾಯನ ಪರಂಪರೆಯ, ನತ್ಥನ್ ಖಾನ್ ಮೈಸೂರಿನ ಆಸ್ಥಾನ ಗಾಯಕರಾಗಿದ್ದು 1901ರಲ್ಲಿ ತೀರಿಕೊಂಡರು. ಅದೇ ಘರಾನೆಯ ಫೈಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸಿಕಿ’, ಅಂದರೆ ಸಂಗೀತದ ಸೂರ್ಯ, ಎಂಬ ಬಿರುದು ಸಂದದ್ದೂ ಮೈಸೂರಿನಿಂದಲೇ.

ಅಲಿ ಅಸ್ಕರ್ ಅವರ ಮೊಮ್ಮಗ ಮಿರ್ಜಾ ಇಸ್ಮಾಯಿಲ್ 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಓದಿ, ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. ಸಂಸ್ಥಾನದ ಪೊಲೀಸ್ ಇಲಾಖೆಯಲ್ಲಿ ನೌಕರಿ ಆರಂಭಿಸಿ ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು. ಗೆಳೆತನವೇ ಅವರನ್ನು ಮೇಲೇರಿಸಿತೆಂಬ ಮಾತು ಅರ್ಧಸತ್ಯವಷ್ಟೇ, ಏಕೆಂದರೆ ಹದಿನೈದು ವರ್ಷ ದಿವಾನಗಿರಿಯಲ್ಲಿ ಉಳಿಯಲು ಗೆಳೆತನವೊಂದೇ ಸಾಲದು. ಕೃಷ್ಣರಾಜಸಾಗರದ ಕೆಳಗಿನ ಬೃಂದಾವನ, ಕಾಲುವೆಯ ನೀರಿನಿಂದ ಕಬ್ಬು ಬೆಳೆಯತೊಡಗಿದ ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ, ಬೆಂಗಳೂರಿನ ಪುರಭವನ ಎಲ್ಲವೂ ಅವರ ಅವಧಿಯವು. ವಾಲ್‌ಚಂದ್ ಹೀರಾಚಂದರು 1940ರಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದಾಗ ಅದಕ್ಕೆ ಬೆಂಗಳೂರಿನಲ್ಲಿ ನೆಲೆ ಒದಗಿಸಿ ಸಂಸ್ಥಾನವನ್ನು ಪಾಲುದಾರನನ್ನಾಗಿಸಿದವರೂ ಅವರೇ. ವಿಶ್ವೇಶ್ವರಯ್ಯನವರು ಹಾಕಿಕೊಟ್ಟ ಉದ್ಯಮಗಳ ದಾರಿಯನ್ನು ಇಷ್ಟು ನಿಷ್ಠೆಯಿಂದ ಮುಂದುವರಿಸಿದ ದಿವಾನರು ಬೇರೊಬ್ಬರಿಲ್ಲ. ಊರಿನ ಅಂದದ ಬಗ್ಗೆ ಅವರಿಗಿದ್ದ ಹಟವಂತೂ ಅವರದೇ ಸ್ವಂತದ್ದು.

ಆದರೆ ಈ ದಿವಾನಗಿರಿ ನಿರಾತಂಕವಾಗಿರಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯೊಂದರ ಗಣಪತಿ ವಿಗ್ರಹದ ವಿಚಾರವಾಗಿ ಗಲಭೆ ಎದ್ದಾಗ ದಿವಾನರ ಧರ್ಮವೇ ಟೀಕೆಗೆ ಗುರಿಯಾಯಿತು, ಸರ್ಕಾರ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಹತ್ತು ವರ್ಷಗಳ ನಂತರ, 1938ರಲ್ಲಿ, ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಆ ಆಡಳಿತದ ಮೇಲಿನ ನಿಜವಾದ ಕಳಂಕ. ಕಾರ್ಖಾನೆಗಳ ಪಟ್ಟಿ ಎಷ್ಟು ಉದ್ದವಿದ್ದರೂ ಜವಾಬ್ದಾರಿ ಸರ್ಕಾರಕ್ಕಾಗಿ, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾದ ಸರ್ಕಾರಕ್ಕಾಗಿ, ನಡೆದ ಬೇಡಿಕೆಗೆ ಅವರು ಕಿವಿಗೊಟ್ಟದ್ದು ಕಡಿಮೆ ಎಂಬುದನ್ನು ಮರೆಮಾಡಲಾಗದು.

1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮರುವರ್ಷ ಮಿರ್ಜಾ ಅಧಿಕಾರ ಬಿಟ್ಟರು. ಆಮೇಲೆ ಜೈಪುರದ ಪ್ರಧಾನಿಯಾಗಿ, 1946ರಿಂದ 1947ರವರೆಗೆ ಹೈದರಾಬಾದಿನ ಪ್ರಧಾನಿಯಾಗಿ ಕೆಲಸ ಮಾಡಿ, 1959ರ ಜನವರಿಯಲ್ಲಿ ನಿಧನರಾದರು. ಜೈಪುರದ ಮುಖ್ಯ ಅಂಗಡಿಬೀದಿಗೆ ಇಂದಿಗೂ ಈ ಬೆಂಗಳೂರಿಗನ ಹೆಸರೇ ಇದೆ.